ಸುಣ್ಣ ಬಳಿದ ಕಲ್ಲುಗುಪ್ಪೆ

ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ. ಆದರೆ ಇದು ಕಟ್ಟುಕತೆಯಲ್ಲ, ನನಗೇ ಆದದ್ದು. ಸಾಕ್ಷಿಯಿಲ್ಲದ ಮಾತನ್ನು ಕೋರ್ಟಿನಲ್ಲಿ ಚಿಂದಿ ಮಾಡುವುದೇ ನನ್ನ ಕಸುಬಾಗಿತ್ತು. ಈ ಒಂದು ರಾತ್ರಿಗೆ ಮಾತ್ರ ನನ್ನ ಬಳಿಯೂ ಸಾಕ್ಷಿ ಇಲ್ಲ...

ಅರವತ್ತರ ದಶಕದ ಮೊದಲ ವರ್ಷಗಳು. ಮಧುಗಿರಿ ಕೋರ್ಟಿನಲ್ಲಿ ಅರಣ್ಯ ಇಲಾಖೆಯ ಪರ ವಾದಿಸುವ ಸರ್ಕಾರಿ ವಕೀಲ ನಾನು. ಸೌದೆ ಕದ್ದವರು, ಗಂಧ ಕಡಿದವರು, ಮೀಸಲು ಕಾಡಿಗೆ ಮೇಕೆ ನುಗ್ಗಿಸಿದವರು, ಇವರೆಲ್ಲರ ಶಾಪ ತಿಂದುಕೊಂಡೇ ಸಂಸಾರ ನಡೆಸುತ್ತಿದ್ದೆ. ಜನ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ನನಗೂ ಅವರ ಮುಖ ನೋಡುವ ಆಸೆಯೇನೂ ಇರಲಿಲ್ಲ.

ಆ ಸಲದ ಕೇಸು ಪಾವಗಡದ ದಾರಿಯ ಒಂದು ಹಟ್ಟಿಯದು. ಮೇಕೆ ಕಾಯುವ ಈರಣ್ಣ ಕಾಡಿನ ಗಡಿ ದಾಟಿದ ಎಂದು ಗಾರ್ಡು ಖಾದರ್ ಹಿಡಿದು ತಂದಿದ್ದ. ಗಡಿ ಎಂದರೆ ಬೇಲಿಯಲ್ಲ, ಅಲ್ಲಲ್ಲಿ ಕಲ್ಲು ಒಟ್ಟಿದ ಗುಪ್ಪೆಗಳು. ಗಾರ್ಡುಗಳು ವರ್ಷಕ್ಕೊಮ್ಮೆ ಅವಕ್ಕೆ ಸುಣ್ಣ ಬಳಿಯುತ್ತಾರೆ. ಈರಣ್ಣ ದಾಟಿದ ಗುಪ್ಪೆಯ ತುದಿಗಲ್ಲನ್ನು ತರಿಸಿ, ಬಟ್ಟೆಯಲ್ಲಿ ಕಟ್ಟಿಸಿ, ಅರಗಿನ ಮುದ್ರೆ ಒತ್ತಿಸಿ ಕೋರ್ಟಿಗೆ ಒಪ್ಪಿಸಿದವನು ನಾನೇ. ಅದು ಗಡಿ ಎಂದು ತೀರ್ಮಾನವಾದರೆ ಈರಣ್ಣನಿಗೆ ಜೈಲು, ಹಟ್ಟಿಯ ಮೇವಿನ ಜಾಗವೆಲ್ಲ ಕಾಡಿನ ಪಾಲು.

ಮ್ಯಾಜಿಸ್ಟ್ರೇಟರು ಖುದ್ದಾಗಿ ಸ್ಥಳ ನೋಡಲು ಬರುವವರಿದ್ದರು. ಹಿಂದಿನ ದಿನ ಸಂಜೆಯೇ ನಾನು ಖಾದರನೊಂದಿಗೆ ಅಲ್ಲಿಗೆ ಹೋದೆ. ಗುಪ್ಪೆಯ ಪಕ್ಕದಲ್ಲಿ ಈರಣ್ಣನ ತಾಯಿ ಸಿದ್ದಮ್ಮ ಕೂತಿದ್ದಳು. ಬಿಸಿಲಿಗೆ ಗಂಟಲು ಒಣಗಿತ್ತು, ನೀರು ಕೇಳಿದೆ.

"ನಿಮ್ಗೆ ನಮ್ಮಟ್ಟೀಲಿ ನೀರಿಲ್ಲ, ಓಗಿ."

ಸಿಟ್ಟು ನೆತ್ತಿಗೇರಿತು. ಅವಳು ನನ್ನನ್ನು ನೋಡಲೂ ಇಲ್ಲ, ಕಲ್ಲುಗಳನ್ನೇ ನೋಡುತ್ತಿದ್ದಳು.

"ಇದು ನಿಮ್ ಗಡಿ ಅಲ್ಲ ಕಣ್ ಸಾಮಿ. ನಮ್ ಮಾವ ಚಿರತೆ ಬಾಯಿಗೆ ಸಿಕ್ಕಿ ಸತ್ತ ಜಾಗ, ಇಲ್ಲೇ ಮಣ್ ಮಾಡಿದ್ದು. ಇಂಗೆ ಓಗೋರೆಲ್ಲ ಒಂದೊಂದ್ ಕಲ್ಲು ಆಕಿ ಓಗ್ತೀವಿ, ಅವ್ನು ಏಳ್ದಿರ್ಲಿ ಅಂತ. ನಿಮ್ಮೋರು ಸುಣ್ಣ ಬಳ್ದ್ರು. ಮ್ಯಾಲಿನ್ ಕಲ್ಲೂ ಎತ್ಕೊಂಡೋಗ್ಬುಟ್ರಿ."

"ಅದನ್ನೆಲ್ಲ ನಾಳೆ ಮ್ಯಾಜಿಸ್ಟ್ರೇಟರಿಗೆ ಹೇಳು."

"ನಾನ್ಯಾಕ್ ಯೋಳ್ಲಿ? ಅವ್ನೇ ಬತ್ತಾನೆ."

ಹಿಂತಿರುಗುವಾಗ ಖಾದರ್ ಮೆಲ್ಲಗೆ ಅಂದ, "ಸಾಹೇಬ್ರೇ, ನಾನು ಸಿರಾದವನು, ಈ ಕಡೆ ಹೊಸಬ. ಗುಪ್ಪೆಗಳೆಲ್ಲ ಒಂದೇ ಥರ ಕಾಣ್ತವೆ. ಗಲತಿ ಏನಾರ ಆಗೈತೋ..."

"ಬಾಯಿ ಮುಚ್ಚಿಕೊಂಡು ನಡಿ," ಎಂದೆ. ಗೆಲ್ಲುವ ಕೇಸನ್ನು ಗಾರ್ಡಿನ ಅನುಮಾನಕ್ಕೆ ಬಿಟ್ಟುಕೊಡುವವನಲ್ಲ ನಾನು.

ಅಂದು ಇಲಾಖೆಯ ಹಳೇ ಬಂಗಲೆಯಲ್ಲಿ ಮಲಗಿದೆ. ಕಿಟಕಿಗೆ ಒತ್ತೊತ್ತಾದ ಕಬ್ಬಿಣದ ಸರಳು. ಬಾಗಿಲಿಗೆ ಒಳಗಿನಿಂದ ನಾನೇ ಅಗುಳಿ ಹಾಕಿದ್ದೆ. ಹೊರಗೆ ಜಗಲಿಯ ಮೇಲೆ, ಬಾಗಿಲಿಗೆ ಅಡ್ಡಲಾಗಿ ಖಾದರ್ ಮಲಗಿದ್ದ.

ಯಾವಾಗ ನಿದ್ದೆ ಹತ್ತಿತೋ... ಎಚ್ಚರವಾದದ್ದು ವಾಸನೆಗೆ. ನೆಂದ ಕಂಬಳಿಯ ವಾಸನೆ, ಹೋತದ ನಾತ. ಲಾಂದ್ರ ಆರಿತ್ತು. ಊರಲ್ಲಿ ಮಳೆಯಾಗಿ ತಿಂಗಳುಗಳೇ ಕಳೆದಿದ್ದವು, ಕಂಬಳಿ ನೆನೆದದ್ದೆಲ್ಲಿ?

ಟಕ್...

ಕಲ್ಲಿನ ಮೇಲೆ ಕಲ್ಲು ಇಟ್ಟ ಸದ್ದು. ಎಸೆದದ್ದಲ್ಲ, ಜೋಪಾನವಾಗಿ ಇಟ್ಟದ್ದು.

ಟಕ್... ಟಕ್...

ಸದ್ದು ಹೊರಗಿನದಲ್ಲ. ನನ್ನ ಮಂಚದ ಕಾಲ್ದೆಸೆಯದು.

"ಯಾರಲೇ ಅದು?" ಎಂದು ಕೂಗಿದೆ. ಕೂಗಿದೆ ಎಂದುಕೊಂಡೆ ಅಷ್ಟೇ, ಗಂಟಲಿಂದ ಗಾಳಿ ಮಾತ್ರ ಬಂತು. ಎದೆಯ ಮೇಲೆ ಯಾರೋ ಬಂಡೆ ಇಟ್ಟ ಹಾಗೆ. ಇಡೀ ಜೀವಮಾನದಲ್ಲಿ ಅಷ್ಟು ಹೆದರಿದ್ದಿಲ್ಲ ನಾನು. ಖಾದರನ ಗೊರಕೆ ಬಾಗಿಲಾಚೆ ಆರಾಮಾಗಿ ಕೇಳುತ್ತಲೇ ಇತ್ತು.

ಆಮೇಲೆ ಕಲ್ಲಿನ ಸದ್ದು ನಿಂತಿತು. ಏನೋ ಹುಡುಕುತ್ತಿರುವ ಹಾಗೆ ಕೋಲೊಂದು ನೆಲವನ್ನು ತಡಕಿತು. ಗೋಡೆ... ಮಂಚದ ಕಾಲು... ನನ್ನ ದಿಂಬು. ಕಿವಿಯ ಹತ್ತಿರವೇ, ಚದುರಿದ ಮೇಕೆ ಕರೆಯುವವರ ನಾಲಿಗೆಯ ಸದ್ದು.

"ಟ್ರ್ರ್ರ್... ಹೋಯ್..."

ಬೆಳಗ್ಗೆ ಖಾದರ್ ಬಾಗಿಲು ಬಡಿದಾಗ ಎದ್ದು ಅಗುಳಿ ತೆಗೆದೆ. ಒಳಗೆ ಇಣುಕಿದವನು "ಯಾ ಅಲ್ಲಾ" ಎಂದು ಹಿಂದೆ ಸರಿದ. ಮಂಚದ ಕಾಲ್ದೆಸೆಯಲ್ಲಿ ಆಳುದ್ದದ ಕಲ್ಲುಗುಪ್ಪೆ, ಮೇಲೆಲ್ಲ ಸುಣ್ಣ.

"ಹಟ್ಟಿಯವರ ಕಿತಾಪತಿ ಇದು!" ಎಂದು ಕಿರುಚಿದೆ.

"ಹೆಂಗೆ ಸಾಹೇಬ್ರೇ? ನನ್ನ ದಾಟ್ಕೊಂಡೇ ಬರ್ಬೇಕಲ್ಲ," ಎಂದ ಖಾದರ್. ಕಿಟಕಿಯ ಸರಳಿಗೆ ಒಂದು ಕಲ್ಲು ಹಿಡಿದು ನೋಡಿದೆ. ತೂರಲಿಲ್ಲ.

ಮ್ಯಾಜಿಸ್ಟ್ರೇಟರು ಬಂದಾಗ ಆ ಜಾಗದಲ್ಲಿ ಗುಪ್ಪೆ ಇರಲಿಲ್ಲ. ಅದರಡಿ ಮುಚ್ಚಿಹೋಗಿದ್ದ ಒಂದು ಚಪ್ಪಡಿ ಬಿಸಿಲಿಗೆ ಬಿದ್ದಿತ್ತು. ಅದರ ಮೇಲೆ ಕೋಲು ಹಿಡಿದ ಒಬ್ಬ ಮನುಷ್ಯ, ಕಾಲ ಬಳಿ ಮೇಕೆ ಕೆತ್ತಿದ್ದರು. ಯಾವ ಇಲಾಖೆಯೂ ಗಡಿಗೆ ಅಂಥ ಕಲ್ಲು ನೆಡುವುದಿಲ್ಲ. ಕೇಸು ಬಿದ್ದುಹೋಯಿತು, ಈರಣ್ಣ ಮನೆಗೆ ಹೋದ. ನನಗೆ ಖುಷಿಯಾಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಖಾದರನೂ ಹಟ್ಟಿಯವರೂ ಬಂಗಲೆಯಿಂದ ಕಲ್ಲುಗಳನ್ನು ಹೊತ್ತು ತಂದು ಮತ್ತೆ ಒಟ್ಟಿದರು. ಎಲ್ಲ ಮುಗಿದ ಮೇಲೆ ಸಿದ್ದಮ್ಮ ನನ್ನ ಮುಂದೆ ಕೈ ಚಾಚಿದಳು.

"ಮ್ಯಾಲಿನ್ ಕಲ್ಲು?"

ಅವಳಿಗೆ ಹೆದರಿ ಅಲ್ಲ, ಆ ರಾತ್ರಿಗೆ ಹೆದರಿ ಅಪ್ಪಣೆ ಪಡೆದು ಕೋರ್ಟಿನ ಉಗ್ರಾಣಕ್ಕೆ ಹೋದೆ. ಗುಮಾಸ್ತ ನನ್ನೆದುರೇ ಗಂಟು ತಂದಿಟ್ಟ. ಅರಗಿನ ಮುದ್ರೆ ಒಡೆದಿರಲಿಲ್ಲ, ಹೊಲಿಗೆ ಬಿಚ್ಚಿರಲಿಲ್ಲ. ಕತ್ತರಿಸಿ ನೋಡಿದರೆ ಒಳಗೆ ಒಂದು ಹಿಡಿ ಸುಣ್ಣದ ಪುಡಿ, ಅಷ್ಟೇ.

ಹಟ್ಟಿಗೆ ಹೋಗಿ ಹೇಳಿದೆ. ಸಿದ್ದಮ್ಮ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. "ಅಂಗಾರೆ ಅವ್ನಿನ್ನ ಮಲ್ಗಾಕಿಲ್ಲ ಬುಡಿ," ಎಂದು ಒಳಗೆ ಹೋದಳು.

ಆಮೇಲೆ ಎಷ್ಟೋ ಊರಿಗೆ ವರ್ಗವಾಯಿತು, ಎಷ್ಟೋ ಮನೆ ಬದಲಿಸಿದೆ. ಈಗಲೂ ಕೆಲವು ರಾತ್ರಿ ನೆಂದ ಕಂಬಳಿಯ ವಾಸನೆ ಬರುತ್ತದೆ. ಕಾಲ್ದೆಸೆಯಲ್ಲಿ ಟಕ್... ಟಕ್... ಎಂದು ಗುಪ್ಪೆ ಏಳುತ್ತದೆ, ತುದಿಗಲ್ಲಿನ ಹೊತ್ತಿಗೆ ಸದ್ದು ನಿಲ್ಲುತ್ತದೆ. ಆಮೇಲೆ ಕೋಲು ನನ್ನ ದಿಂಬಿನ ಹತ್ತಿರ ಬಂದು ಕಾಯುತ್ತಾ ನಿಲ್ಲುತ್ತದೆ.

ಒಂದು ಕಲ್ಲು ಕಮ್ಮಿ ಇದೆ. ಅದು ನನ್ನ ಹತ್ತಿರ ಇಲ್ಲ ಎಂದರೆ ಅವನು ನಂಬುತ್ತಿಲ್ಲ...