ಕುರ್ಲಾದ ನೆಟ್ಟನೆ ಬಾಗಿಲು

ಗೆರೆ ತಪ್ಪಿದ ಕೊಯ್ತ ನನಗೆ ಸುಳ್ಳಿನಷ್ಟೇ ಅಸಹ್ಯ. ನಮ್ಮ ಕಂಪನಿಯ ವಿದ್ಯುತ್ ಗರಗಸ ಕೊಂಡವರಿಗೆ ಅದನ್ನು ನಡೆಸಲು ಕಲಿಸುವುದು ಆಗ ನನ್ನ ಕೆಲಸ. ಹಾಗೆ ಹೋದದ್ದು ಮುಂಬಯಿಯ ಕುರ್ಲಾದಲ್ಲಿ ರೈಲುಹಳಿಯ ಪಕ್ಕದ ಒಂದು ಹಳೆಯ ಚಾಳಿಗೆ, ವಿಜಾಪುರದ ಬಡಗಿ ಹುಸೇನಸಾಬರಲ್ಲಿಗೆ. ಅವರು ಮೊದಲು ಕೊಯ್ಯಬೇಕಿದ್ದದ್ದು ತಮ್ಮ ಖೋಲಿಯ ಬಾಗಿಲನ್ನೇ. ಅಲ್ಲಿಯವರೆಗೆ ಬರೀ ಪರದೆ. ಸಂಜೆ ಮಗಳು ಹಸುಗೂಸಿನೊಂದಿಗೆ ಆಸ್ಪತ್ರೆಯಿಂದ ಬರುವವಳಿದ್ದಳು. ಪ್ಲೈವುಡ್ ಇದ್ದದ್ದು ಒಂದೇ ಹಾಳೆ.

“ಒಳ್ಳೆಯ ಮುಖ ಕೆಳಗಿರಲಿ,” ಎಂದೆ. ಗೆರೆಯ ಮೇಲೆ ಟೇಪು ಅಂಟಿಸಿದೆ. ನೇರವಾದ ಪಟ್ಟಿಯೊಂದನ್ನು ಕ್ಲ್ಯಾಂಪಿನಿಂದ ಬಿಗಿದು, ಗರಗಸದ ತಳ ಅದಕ್ಕೆ ಒರಗಿಕೊಂಡೇ ಸರಿಯುವಂತೆ ಹೊಂದಿಸಿದೆ. ಅಷ್ಟರಲ್ಲಿ ನೆಲ ನಡುಗಿತು.

“ಲೋಕಲ್ ಹೋಗ್ಲಿ, ತಡೀರಿ ಸಾಹೇಬ್ರ,” ಎಂದರು ಹುಸೇನಸಾಬ್.

ಗಾಡಿ ಹೋಯಿತು. ಗರಗಸ ಹರಿಯಿತು. ತಗಡಿನ ಸಂದಿಯಿಂದ ಇಳಿದ ಬಿಸಿಲಲ್ಲಿ ಮರದ ಹುಡಿ ತೇಲುತ್ತಿದ್ದರೆ, ನಾವಿಬ್ಬರೂ ಯಾವುದೋ ಹೊನ್ನಿನ ನೀರಿನಡಿ ನಿಂತಂತೆ ಅನ್ನಿಸಿತು. ಅಂಚಿನಲ್ಲಿ ಒಂದು ಸಿಬಿರೂ ಏಳಲಿಲ್ಲ. ಅವರು ಅದರ ಉದ್ದಕ್ಕೂ ಬೆರಳಾಡಿಸಿದರು.

ಎತ್ತಿ ನಿಲ್ಲಿಸಿದರೆ ಬಾಗಿಲು ಮುಚ್ಚಲೇ ಇಲ್ಲ. ಹಳೆಯ ಚೌಕಟ್ಟು ಚಾಳಿನ ಜೊತೆಗೇ ವಾಲಿತ್ತು.

“ಅಂಚನ್ನು ಓರೆಯಾಗಿ ಕೊಯ್ಯಬೇಕಾದೀತು,” ಎಂದೆ, ಮನಸ್ಸಿಲ್ಲದೆ.

“ಇಷ್ಟ ಚಂದ ಕೊಯ್ದದ್ದು ಕೆಡಸ್ತೀರೇನ್ರಿ?” ಎಂದು ಅವರು ಬಾಗಿಲಿಗೆ ಅಡ್ಡ ನಿಂತರು. ಆಮೇಲೆ ಉಳಿ ಹಿಡಿದು ಚೌಕಟ್ಟನ್ನೇ ನೆಟ್ಟಗಾಗುವಂತೆ ಕೆತ್ತತೊಡಗಿದರು.

ಕೂಸು ಬರುವಷ್ಟರಲ್ಲಿ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು. ನೋಡಲು ಬಂದ ನೆರೆಯವರಿಗೆ ಮಾತ್ರ ಸಮಾಧಾನವಿಲ್ಲ. ಇಡೀ ಚಾಳಿನಲ್ಲಿ ಇದೊಂದೇ ಬಾಗಿಲು ವಾಲಿದೆ ಎಂದರು.