ಬಾಣದ ಮೊನೆ ಮತ್ತು ಶಾಂತವ್ವನ ಧ್ವನಿ

ಯಾರಾದರೂ ‘ನನ್ನನ್ನು ಯಾರೋ ಕರೆದಂತಾಯಿತು’ ಎಂದರೆ ‘ಹೋಗು, ಕಿವಿ ತೊಳಕೊಂಡು ಬಾ’ ಎಂದು ಗದರುತ್ತಿದ್ದವನು ನಾನು. ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ಬೇರೆ. ಅಂಥ ನಾನೇ ಇದನ್ನು ಹೇಳಬೇಕಾಗಿ ಬಂತು ನೋಡಿ!

ಮುನವಳ್ಳಿಯ ಹೊಳೆದಂಡೆಯಲ್ಲಿ ಕೂತು ಕಲ್ಲಿನ ಬಾಣದ ಮೊನೆ ಮಾಡುವುದು ನನ್ನ ಹುಚ್ಚು. ಆದಿಮಾನವರು ಮಾಡುತ್ತಿದ್ದರಲ್ಲ, ಅಂಥವು. ಅದಕ್ಕೆ ಬೇಕಾದ ಅಗೇಟ್ ಎಂಬ ಗಟ್ಟಿ, ನುಣುಪು ಕಲ್ಲನ್ನು ಇದ್ದ ಹಾಗೇ ಕೆತ್ತಲು ಹೋದರೆ ಅದು ಮಾತು ಕೇಳುವುದಿಲ್ಲ. ಉಸುಕಿನಲ್ಲಿ ಹುಗಿದು, ಮೇಲೆ ಕುಳ್ಳಿನ, ಅಂದರೆ ಬೆರಣಿಯ, ಬೆಂಕಿ ಹಾಕಿ, ತಾನಾಗಿ ಆರುವವರೆಗೆ ಬಿಡಬೇಕು. ಆಗ ಕೆಂಪೇರಿ ಸಲೀಸಾಗಿ ಚಕ್ಕೆ ಏಳುತ್ತದೆ. ಆದರೆ ಹಾಗೆ ಕಾಯಿಸಿದ ಕಲ್ಲು ಬಲು ನಾಜೂಕು. ಮೊನೆ ಸಿದ್ಧವಾದ ಮೇಲೂ ‘ಇನ್ನೊಂದು ಚೂರು ತೆಗೆಯೋಣ’ ಅನ್ನಿಸುತ್ತದೆ. ಆ ಇನ್ನೊಂದರಲ್ಲೇ ಪಟ್ಟನೆ ಎರಡಾಗುತ್ತದೆ. ನನ್ನವೆಲ್ಲ ಹೀಗೇ ಹಾಳಾಗಿದ್ದವು.

ಕೆಲವು ವರ್ಷಗಳ ಹಿಂದೆ ನನ್ನ ಹೆಂಡತಿ ಶಾಂತವ್ವನಿಗೆ ಗಂಟಲಿನ ಆಪರೇಷನ್ ಆಗಿತ್ತು. ಜೀವ ಉಳಿಯಿತು, ಧ್ವನಿ ಹೋಯಿತು. ತಿರುಗಿ ಬಂದರೂ ಬರಬಹುದು ಎಂದಿದ್ದರು ಡಾಕ್ಟರು. ದಿನವಿಡೀ ವಟವಟ ಎನ್ನುತ್ತಿದ್ದವಳು ಬಾಯಿ ತೆರೆದರೆ ಬರೀ ಉಸಿರು. ನನಗೆ ಮನೆಯಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಕೂತರೆ ಏಳಬೇಕು, ಎದ್ದರೆ ಎಲ್ಲಿಗಾದರೂ ಹೋಗಬೇಕು. ಹಾಗೆ ಒಂದು ಸಂಜೆ ಕಲ್ಲಿನ ಚೀಲ ಎತ್ತಿಕೊಂಡು ದಂಡೆಗೆ ಹೋದೆ.

ಅಂದು ಮೊನೆ ಬಹಳ ಚಲೋ ಬಂತು. ಇನ್ನೊಂದು ಚೂರು ಎಂದು, ತುದಿಗೆ ತಾಮ್ರ ಕೂಡಿಸಿದ ಕೋಲನ್ನು ಅಂಚಿಗಿಟ್ಟು ಒತ್ತಲು ಹೊರಟಿದ್ದೆ. ಬೆನ್ನ ಹಿಂದೆಯೇ ಶಾಂತವ್ವ ಗದರಿದಳು.

“ಸಾಕ ಬಿಡ್ರಿ! ಮತ್ತ ಮುರಕೊಂಡ ಕುಂದರ್ತೀರಿ.”

ಕೈ ನಿಂತಿತು. ಅಯ್ಯೋ ಶಿವನೇ, ಧ್ವನಿ ಬಂತಲ್ಲ! ಸಂತೋಷಕ್ಕೆ ಕಣ್ಣು ತುಂಬಿ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಪಕ್ಕದ ಹೊಲದಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ ಈರಪ್ಪ ತಲೆಯೆತ್ತಿದ. “ಅಕ್ಕಾರ ಮಾತಾಡಾಕತ್ತಾರಲ್ರೀ ಸರ! ಆರಾಮ ಆತೇನ್ರಿ? ಎಲ್ಲದಾರ?”

ನಾನು ಮನೆಗೆ ಓಡಿದೆ. ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. “ನೀ ಹೊಳಿಗೆ ಬಂದಿದ್ದೇನ?” ಎಂದೆ. ಇಲ್ಲವೆಂದು ತಲೆಯಾಡಿಸಿದಳು. “ಈಗ ಅಂದೆಲ್ಲ, ಹಂಗ ಇನ್ನೊಮ್ಮೆ ಅನ್ನ” ಎಂದು ಬೇಡಿಕೊಂಡೆ. ತುಟಿ ಅಲ್ಲಾಡಿತು, ಉಸಿರಷ್ಟೇ ಬಂತು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಹಿಟ್ಟಿನ ಕೈಯಿಂದಲೇ ನನ್ನ ಅಂಗಿ ಹಿಡಿದು, ‘ನಾನು ಏನಂದೆ?’ ಎಂದು ಸನ್ನೆಯಲ್ಲಿ ಮತ್ತೆ ಮತ್ತೆ ಕೇಳಿದಳು. ನಾನು ಮತ್ತೆ ಮತ್ತೆ ಹೇಳಿದೆ.

ವರ್ಷಗಳಾದವು. ಅವಳ ಧ್ವನಿ ಬರಲೇ ಇಲ್ಲ. ಭ್ರಮೆ ಎನ್ನೋಣವೆಂದರೆ ಈರಪ್ಪನಿಗೂ ಕೇಳಿಸಿತ್ತು. ಏನೆಂದು ಹೇಳಲಿ, ನನಗೆ ತಿಳಿಯದು. ಈಗಲೂ ದಂಡೆಗೆ ಹೋಗುತ್ತೇನೆ. ಮೊನೆ ಸಿದ್ಧವಾದ ಮೇಲೂ ಬೇಕೆಂದೇ ಇನ್ನೊಂದು ಸಲ ಒತ್ತುತ್ತೇನೆ, ಕಿವಿಗೊಟ್ಟು, ಮೆಲ್ಲಗೆ. ಮುರಿಯುತ್ತದೆ. ಯಾರೂ ಏನೂ ಅನ್ನುವುದಿಲ್ಲ.