ತಾರಸ್ಥಾಯಿಯ ಗುಂಡಿ

ತ್ಸುರುಮಾಕಿ ಎಯ್ಜೊ ತನ್ನ ಸ್ಪೀಕರ್ ಪೆಟ್ಟಿಗೆಗಳಿಗೆ ಜಾಗ ಸಾಲದೆ, ತೀರಿಕೊಂಡ ಅತ್ತೆಯ ನೆನಪಿಗಿಟ್ಟಿದ್ದ ಪೂಜಾಗೂಡನ್ನು ಕೋಣೆಯಿಂದ ಹೊರಹಾಕಿದನೆಂದು ಸರೋವರದ ದಡದ ಆ ಊರಿನಲ್ಲಿ ಬಹುಕಾಲದಿಂದ ಮಾತಿದೆ. ಕ್ಷೌರದಂಗಡಿಯಲ್ಲಿ ಈ ಕಥೆಗೆ ಇನ್ನಷ್ಟು ಕೈಕಾಲು ಮೂಡಿ, ಗೂಡು ಮೂರು ದಿನ ಹಿಮದಲ್ಲಿ ನೆನೆಯಿತೆಂದೂ ಅತ್ತೆ ಅಳಿಯನ ಕನಸಿಗೆ ಬಂದು ಬೈದಳೆಂದೂ ಹೇಳುವವರಿದ್ದಾರೆ. ಇದೆಲ್ಲ ಸುಳ್ಳು. ಗೂಡನ್ನು ಕೆಳಗಿನ ಕೋಣೆಯಿಂದ ಮಹಡಿಗೆ ಸಾಗಿಸಿದವಳು ಅವನ ಹೆಂಡತಿ ಸುಮಿಯೆ. ಸತ್ತವರಿಗಾದರೂ ಸ್ವಲ್ಪ ನೆಮ್ಮದಿ ಇರಲಿ ಎಂಬುದಷ್ಟೇ ಅವಳ ಉದ್ದೇಶವಾಗಿತ್ತು. ಗೂಡು ಅಲ್ಲಿಲ್ಲವೆಂದು ಎಯ್ಜೊನಿಗೆ ಗೊತ್ತಾದದ್ದು ಹನ್ನೊಂದು ದಿನಗಳ ನಂತರ, ಎಡಗಡೆಯ ಸ್ಪೀಕರಿನ ಮಂದ್ರಸ್ಥಾಯಿ ಇದ್ದಕ್ಕಿದ್ದಂತೆ ಏಕೆ ತುಂಬಿಬರುತ್ತಿದೆ ಎಂದು ಅವನು ಗೋಡೆ ತಡವಿದಾಗ.

ಎಯ್ಜೊ ಮೂವತ್ತನಾಲ್ಕು ವರ್ಷ ಊರಿನ ನೀರು ಸರಬರಾಜಿನಲ್ಲಿ ಸೋರಿಕೆ ಹಿಡಿಯುವ ಕೆಲಸ ಮಾಡಿದವನು. ಉದ್ದನೆಯ ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ನೆಲಕ್ಕೂ ಇನ್ನೊಂದನ್ನು ಕಿವಿಗೂ ಹಚ್ಚಿ, ಡಾಂಬರಿನಡಿ ಕೊಳವೆ ಎಲ್ಲಿ ಬಿರಿದಿದೆಯೆಂದು ಮೊಳದಷ್ಟೂ ಆಚೀಚೆಯಾಗದಂತೆ ಹೇಳುತ್ತಿದ್ದ. ಅವನು ಸುಣ್ಣದಲ್ಲಿ ಗೆರೆ ಎಳೆದ ಕಡೆ ಅಗೆದರೆ ನೀರು ಚಿಮ್ಮಲೇಬೇಕು. ನಿವೃತ್ತಿಯ ದಿನ ಆ ಕಿವಿಯ ಬಗ್ಗೆ ಮೂವರು ಭಾಷಣ ಮಾಡಿದರು. ರಸ್ತೆ ಒಡೆಯುವ ಯಂತ್ರದ ಪಕ್ಕದಲ್ಲಿ ಅಷ್ಟೂ ವರ್ಷ ನಿಂತಿದ್ದದ್ದು ಅದೇ ಕಿವಿ ಎಂಬುದನ್ನು ಮೂವರಲ್ಲಿ ಒಬ್ಬರೂ ಹೇಳಲಿಲ್ಲ.

ಆ ಕಿವಿಗೆ ತಕ್ಕ ಸ್ಪೀಕರನ್ನು ಯಾವ ಕಾರ್ಖಾನೆಯೂ ಮಾಡಲಾರದೆಂದು ಎಯ್ಜೊ ನಂಬಿದ್ದ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕಿತ್ತಳೆ ಹಣ್ಣಿನ ಖಾಲಿ ಪೆಟ್ಟಿಗೆಗೆ ತೂತು ಕೊರೆದು ಮೊದಲನೆಯದನ್ನು ಮಾಡಿದ್ದ. ಈಗಿರುವುದು ಹದಿನೇಳನೆಯ ಜೋಡಿ: ಬರ್ಚ್ ಮರದ ಪದರ ಹಲಗೆ, ಒಳಗೆ ಕರುಳಿನಂತೆ ಮಡಚಿಕೊಂಡು ಹೋಗುತ್ತ ಅಗಲವಾಗುವ ಗಾಳಿದಾರಿ, ಎದುರಿಗೆ ಅನ್ನದ ಬೋಗುಣಿಯಷ್ಟಗಲದ ಕಾಗದದ ಕೋನ್. ಒಂದೊಂದು ಪೆಟ್ಟಿಗೆಯೂ ಸುಮಿಯೆಯ ಗಲ್ಲದೆತ್ತರಕ್ಕಿತ್ತು. ಆರು ಚಾಪೆ ಹಾಸುವಷ್ಟೇ ಜಾಗವಿದ್ದ ಕೋಣೆಯಲ್ಲಿ ಅವೆರಡು ನಿಂತ ಮೇಲೆ ಟಿ.ವಿ. ಅಡುಗೆಮನೆಗೆ ಹೋಯಿತು, ಸುಮಿಯೆಯೂ ಅದರ ಹಿಂದೆಯೇ ಹೋದಳು. ಪೆಟ್ಟಿಗೆಗಳ ತಲೆಯ ಮೇಲೆ ತಾರಸ್ಥಾಯಿಗೆಂದೇ ಹಿತ್ತಾಳೆಯ ಒಂದೊಂದು ಪುಟ್ಟ ಟ್ವೀಟರ್ ಕುಳಿತಿತ್ತು. ಅದರ ದನಿಯನ್ನು ಏರಿಸಿ ಇಳಿಸಲು ಸೊನ್ನೆಯಿಂದ ಹತ್ತರವರೆಗೆ ಅಂಕಿ ಬರೆದ ಒಂದು ಗುಂಡಿ. ಈ ಗುಂಡಿಯೇ ಮುಂದಿನ ಎಲ್ಲಕ್ಕೂ ಕಾರಣ.

ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಮೂವರು ಗೆಳೆಯರು ಬರುತ್ತಿದ್ದರು: ದಂತವೈದ್ಯ ಮುಕಾಯ್, ತೋಫು ಮಾಡುವ ನೆಜು, ಮತ್ತು ಒಬ್ಬ ನಿವೃತ್ತ ಮೇಷ್ಟ್ರು. ಅವರೂ ಮನೆಯಲ್ಲಿ ಸ್ಪೀಕರ್ ಕಟ್ಟುವವರೇ. ಸಿಹಿಯ ಪೊಟ್ಟಣ ಕೊಟ್ಟು, ಸರದಿಯಂತೆ ನಡುವಿನ ದಿಂಬಿನ ಮೇಲೆ ಮಂಡಿಯೂರಿ, ಕಣ್ಣು ಮುಚ್ಚಿ ಕೇಳಿ, ಕೊನೆಯಲ್ಲಿ ಒಂದು ಮಾತು ಹೇಳಬೇಕು. ಆ ಮಾತುಗಳ ನಿಘಂಟು ಸುಮಿಯೆಗೆ ಬಾಯಿಪಾಠವಾಗಿತ್ತು. "ವ್ಯಕ್ತಿತ್ವ ಇರೋ ದನಿ" ಎಂದರೆ ಸಹಿಸಲಾಗದು ಎಂದರ್ಥ. "ತುಂಬಾ ಕಲಿಯೋದಿದೆ" ಎಂದವನು ಮನೆಗೆ ಹೋಗುವ ಹೊತ್ತು ಎಣಿಸುತ್ತಿದ್ದಾನೆ. ಎಯ್ಜೊ ಮಾತ್ರ ಹನ್ನೆರಡು ವರ್ಷ ಈ ಮಾತುಗಳನ್ನು ಪದಕಗಳಂತೆ ಎದೆಗೆ ಚುಚ್ಚಿಕೊಂಡ. ಬೇರೆಯವರ ಮನೆಯಲ್ಲಿ ಇದೇ ಮಾತುಗಳನ್ನು ಇದೇ ಅರ್ಥದಲ್ಲಿ ತಾನೂ ಆಡುತ್ತಿದ್ದನೆಂಬುದು ಅವನಿಗೆ ಅಡ್ಡಿಯಾಗಲಿಲ್ಲ.

ನಿವೃತ್ತಿಯ ಕಾಲಕ್ಕೆ ಮೂರರಲ್ಲಿದ್ದ ಗುಂಡಿ ವರ್ಷ ಕಳೆದಂತೆ ಐದಾಯಿತು, ಏಳಾಯಿತು. ತಾಳದ ಮೇಲೆ ಧೂಳು ಕೂತ ಹಾಗಿದೆ ಎಂದು ಗೊಣಗುತ್ತ ಅವನು ಏರಿಸುತ್ತ ಹೋದ. ಹತ್ತಕ್ಕೆ ಬಂದಾಗ ಪಿಟೀಲಿನ ದನಿ ಮುಕಾಯ್‌ನ ಹಲ್ಲು ಕೊರೆಯುವ ಯಂತ್ರಕ್ಕೆ ಹತ್ತಿರದ ನಂಟಾಗಿತ್ತು. ಒಂದು ಭಾನುವಾರ ಗೆಳೆಯರು ಹೋದ ಮೇಲೆ ಕಸದ ಬುಟ್ಟಿಯಲ್ಲಿ ಸುಮಿಯೆಗೆ ಹತ್ತಿಯ ಆರು ಸಣ್ಣ ಉಂಡೆಗಳು ಸಿಕ್ಕವು. ಏನೆಂದು ತಕ್ಷಣ ತಿಳಿಯಿತು. ಎಸೆಯಲು ಮನಸ್ಸಾಗದೆ ಚಹಾ ಡಬ್ಬಿಯೊಂದರಲ್ಲಿ ಹಾಕಿಟ್ಟಳು. ಮುಂದಿನ ತಿಂಗಳು ಇನ್ನೂ ಆರು ಸೇರಿದವು.

ಗಂಡನ ಕಿವಿಯ ಬಗ್ಗೆ ಅವಳಿಗಿದ್ದ ಅನುಮಾನಕ್ಕೆ ಬೇರೆ ಸಾಕ್ಷಿಗಳೂ ಇದ್ದವು. ಜ್ವರ ನೋಡುವ ಕಡ್ಡಿ ಕಂಕುಳಲ್ಲಿ ಎಷ್ಟು ಕೂಗಿದರೂ ಎಯ್ಜೊ ಕಾಯುತ್ತಲೇ ಇರುತ್ತಿದ್ದ. ಬ್ಯಾಟರಿ ಸತ್ತಿದೆಯೆಂದು ಎರಡು ಕಡ್ಡಿ ಬದಲಿಸಿದ. ಸೆಪ್ಟೆಂಬರಿನಲ್ಲಿ, ಗುಡಿಯ ಹುಲ್ಲಿನಲ್ಲಿ ಗಂಟೆ ಹುಳುಗಳೆಂಬ ಜೀರುಂಡೆಗಳ ದನಿ ನಿಂತುಹೋಗಿದೆ, ಇದಕ್ಕೆ ಕ್ರಿಮಿನಾಶಕವೇ ಕಾರಣವೆಂದು ಪುರಸಭೆಗೆ ನಾಲ್ಕು ಪುಟದ ಪತ್ರ ಬರೆದ. ಇಬ್ಬರು ಅಧಿಕಾರಿಗಳು ಸಂಜೆ ಸ್ಥಳ ಪರೀಕ್ಷೆಗೆ ಬಂದರು. ಹುಳುಗಳು ಕಾಲಡಿಯಲ್ಲೇ ಜಾತ್ರೆಯಂತೆ ಗಂಟೆ ಬಾರಿಸುತ್ತಿದ್ದಾಗ, ಇಬ್ಬರೂ ಪುಸ್ತಕದಲ್ಲಿ ಏನೋ ಬರೆದುಕೊಂಡು, ವಿಷಯ ಗಂಭೀರವಾದದ್ದು, ಪರಿಶೀಲಿಸುತ್ತೇವೆ ಎಂದು ನಡುಬಗ್ಗಿಸಿ ಹೋದರು. ಚಹಾ ಕೊಡಲು ನಿಂತಿದ್ದ ಸುಮಿಯೆಯ ಮುಖವನ್ನು ಅವರು ನೋಡಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಅವಳೂ ಸುಮ್ಮನಿರುತ್ತಿದ್ದಳು. ಆದರೆ ನವೆಂಬರಿನಲ್ಲಿ ಊರಿನ ಸಭಾಭವನದಲ್ಲಿ, ಕೈಯಿಂದ ಕಟ್ಟಿದ ಸ್ಪೀಕರುಗಳನ್ನು ಸಾರ್ವಜನಿಕರಿಗೆ ಕೇಳಿಸುವ ದಿನವಿತ್ತು. ನಾಲ್ವರಲ್ಲಿ ಒಬ್ಬರ ಜೋಡಿ ಹೋಗಬೇಕು. ಇಂಥಲ್ಲಿ ನೀವೇ ನೀವೇ ಎಂದು ಮೂರು ಸಲ ನಿರಾಕರಿಸುವುದು ರೂಢಿ. ಎಯ್ಜೊ ಎರಡನೆಯ ಸಲಕ್ಕೇ ಒಪ್ಪಿಕೊಂಡುಬಿಟ್ಟ. ಬೆಕ್ಕಿಗೆ ಗಂಟೆ ಕಟ್ಟುವವರಿಲ್ಲದೆ ಮೂವರೂ ಚಪ್ಪಾಳೆ ತಟ್ಟಿದರು. ನೂರಿಪ್ಪತ್ತು ಜನರೆದುರು, ಸೋರಿಕೆ ಹಿಡಿದ ಕಿವಿಯ ಹೆಸರಿನಲ್ಲಿ ಆ ಕೀರಲು ದನಿ ಮೊಳಗಲಿತ್ತು. ಭವನದಲ್ಲಿ ಯಾರೂ ನಗುವುದಿಲ್ಲ, ಅದು ಸುಮಿಯೆಗೆ ಗೊತ್ತಿತ್ತು. ನಗುವುದೆಲ್ಲ ಆಮೇಲೆ, ಕ್ಷೌರದಂಗಡಿಯಲ್ಲಿ, ಇನ್ನು ಹತ್ತು ವರ್ಷ.

ಅದಕ್ಕೆ ಎಂಟು ದಿನ ಇರುವಾಗ, ಬೆಳಗಿನ ಮಿಸೊ ಸಾರು ಬಡಿಸಿ ಅವಳು ಎದುರಿಗೆ ಕುಳಿತಳು.

"ರೀ, ಹುಳ ಎಲ್ಲೂ ಹೋಗಿಲ್ಲ. ಹೋಗಿರೋದು ನಿಮ್ಮ ಕಿವಿ."

ಎಯ್ಜೊ ಬಟ್ಟಲು ಕೆಳಗಿಟ್ಟ. "ಊರಿನ ನೀರು ಉಳಿಸಿದ ಕಿವಿ ಕಣೇ ಇದು."

"ಉಳಿಸ್ತು, ಇಲ್ಲ ಅಂದೋರ್ಯಾರು? ಈಗ ಊರಿನವರ ಕಿವಿ ಉಳಿಸಿ."

"ಹನ್ನೆರಡು ವರ್ಷದಿಂದ ಮುಕಾಯ್ ಬರ್ತಾನೆ, ನೆಜು ಬರ್ತಾನೆ. ತಪ್ಪಿದ್ದಿದ್ರೆ ಒಂದು ಮಾತು ಹೇಳ್ತಿರಲಿಲ್ವಾ?"

ಸುಮಿಯೆ ಚಹಾ ಡಬ್ಬಿ ತಂದು ಮೇಜಿನ ಮೇಲೆ ಬೋರಲು ಹಾಕಿದಳು. ಹತ್ತಿಯ ಉಂಡೆಗಳು ಉಪ್ಪಿನಕಾಯಿ ತಟ್ಟೆಯವರೆಗೆ ಉರುಳಿದವು.

"ಹೇಳಿದ್ದಾರಲ್ಲ," ಎಂದಳು. "ಏಪ್ರಿಲ್‌ನಿಂದ ಹೇಳಿದ್ದು ಇಷ್ಟು."

ಮೂರನೆಯ ದಿನ ಎಯ್ಜೊ ಹಲಗೆ ತರುವ ನೆಪದಲ್ಲಿ ಹೊರಟು, ಹಲಗೆಯಿಲ್ಲದೆ, ಕಿವಿ ವೈದ್ಯರ ಕಾಗದದೊಂದಿಗೆ ಮರಳಿದ. ಅದರಲ್ಲಿನ ಗೆರೆ ಅರ್ಧದವರೆಗೆ ನೆಟ್ಟಗೆ ಬಂದು ಅಲ್ಲಿಂದ ಬೆಟ್ಟದಂಚಿನಿಂದ ಬಿದ್ದಂತೆ ಕೆಳಗಿಳಿದಿತ್ತು. ಆ ಆಸ್ಪತ್ರೆಯ ಯಂತ್ರ ಹಳೆಯದೆಂದು ಅವನು ಮೊದಲು ಹೇಳಿದ. ಸಂಜೆಗೆ ಮುಂಚೆ ಸುಮಿಯೆಯನ್ನು ಕೋಣೆಗೆ ಕರೆದು, ನಡುವಿನ ದಿಂಬನ್ನು ತೋರಿಸಿದ. ಗುಡಿಸುವಾಗ ಎತ್ತಿಟ್ಟದ್ದು ಬಿಟ್ಟರೆ ಸುಮಿಯೆಗೂ ಆ ದಿಂಬಿಗೂ ಸಂಬಂಧವಿರಲಿಲ್ಲ. ಅವಳು ಕುಳಿತಳು. ಅವನು ಪಿಟೀಲಿನ ರೆಕಾರ್ಡ್ ಹಾಕಿ ಗುಂಡಿಯ ಬಳಿ ನಿಂತ.

"ಈಗ?"

"ಜಾಸ್ತಿ."

"ಈಗ?"

"ಇನ್ನೂ ಇಳಿಸಿ."

ಗುಂಡಿ ಎರಡೂವರೆಗೆ ಬಂದಾಗ ಪಿಟೀಲು ಮರದಿಂದ ಮಾಡಿದ್ದೆಂದು ಮೊದಲ ಸಲ ಗೊತ್ತಾಯಿತು. ಸುಮಿಯೆ ಸಾಕೆಂದು ಕೈಯೆತ್ತಿದಳು.

"ರಜಾಯಿ ಹೊದ್ದು ಬಾರಿಸಿದ ಹಾಗಿದೆ," ಎಂದ ಎಯ್ಜೊ.

"ನಿಮಗೆ," ಎಂದಳು ಅವಳು.

ಅವನು ಗುಂಡಿಯನ್ನು ಅಲ್ಲೇ ಬಿಟ್ಟು, ಕೈ ತಗಲಿ ತಿರುಗದಿರಲೆಂದು ಅದರ ಮೇಲೆ ಅಂಟುಪಟ್ಟಿ ಹಚ್ಚಿದ. ಅವನ ಬಾಳಿನಲ್ಲಿ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಿಲ್ಲ ಎಂದು ಸುಮಿಯೆಗೆ ಆ ಕ್ಷಣ ಅನ್ನಿಸಿತು. ಆದರೆ ಹಾಗೆಂದು ಹೇಳಿ ಅವನನ್ನು ಮತ್ತೆ ಅಟ್ಟಕ್ಕೇರಿಸಲಿಲ್ಲ.

ಸಭಾಭವನದಲ್ಲಿ ಎಲ್ಲವೂ ಸುಸೂತ್ರವಾಗಿ ನಡೆಯಿತು. ಎರಡನೆಯ ರೆಕಾರ್ಡ್ ತಿರುಗುವಾಗ ನೆಜು ಮುಂದಿನ ಸಾಲಿನಲ್ಲೇ ಗೊರಕೆ ಹೊಡೆದ. ಹಿಂದೆಂದೂ ಆ ಸ್ಪೀಕರುಗಳೆದುರು ಯಾರಿಗೂ ನಿದ್ದೆ ಸಾಧ್ಯವಾಗಿರಲಿಲ್ಲ. ಮುಕಾಯ್ ಬಂದು, "ತ್ಸುರುಮಾಕಿ ಸಾನ್, ಇವತ್ತು ಹೇಳೋಕೆ ಏನೂ ಇಲ್ಲ," ಎಂದು ಕಣ್ಣೊರೆಸಿಕೊಂಡ. ಹನ್ನೆರಡು ವರ್ಷ ಬೈಗುಳವನ್ನು ಹೊಗಳಿಕೆಯೆಂದು ಹೊತ್ತು ತಿರುಗಿದವನು, ನಿಜವಾದ ಹೊಗಳಿಕೆ ಬಂದಾಗ ಅದನ್ನು ಅವಮಾನವೆಂದು ತಿಳಿದ.

ಎಯ್ಜೊನಿಗೆ ಈಗ ಎಪ್ಪತ್ತಮೂರು. ಶ್ರವಣಯಂತ್ರ ಕೊಂಡಿದ್ದಾನೆ, ಹಾಕಿಕೊಳ್ಳುವುದಿಲ್ಲ. ಹದಿನೆಂಟನೆಯ ಜೋಡಿಯ ಹಲಗೆಗಳು ಅಂಟು ಹಚ್ಚಿಸಿಕೊಂಡು ಬಿಗಿಪಟ್ಟಿಗಳ ನಡುವೆ ಒಣಗುತ್ತಿವೆ. ಅಳತೆಗಳನ್ನೆಲ್ಲ ಅವನೇ ಹಾಕಿದ್ದಾನೆ, ದನಿ ಹೇಳುವ ಕೆಲಸ ಮಾತ್ರ ಸುಮಿಯೆಯದು. ವಾರಕ್ಕೆ ಮೂರು ದಿನ, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ, ಅವಳು ಆ ದಿಂಬಿನ ಮೇಲೆ ಕೂರುತ್ತಾಳೆ. ಅದಕ್ಕಾಗಿ ಜನವರಿಯಿಂದ ಹೊಲಿಗೆ ತರಗತಿ ಬಿಟ್ಟಿದ್ದಾಳೆ. ಆ ಸಂಗೀತ ಅವಳಿಗೆ ಈಗಲೂ ಹಿಡಿಸುವುದಿಲ್ಲ. ಹಿಡಿಸುತ್ತದೆಯೇ ಎಂದು ಅವಳನ್ನು ಯಾರೂ ಕೇಳಿಲ್ಲ.